ಮೂಸೆಯೊಳಗಿನ ಹಸಿರು ಮೇಜು

ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನ ಕರಗಿಸುವ ಪುಟ್ಟ ಬಟ್ಟಲು ಇರುತ್ತದಲ್ಲ, ಅದಕ್ಕೆ ಮೂಸೆ ಎನ್ನುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನಲ್ಲಿ ಆ ಹೆಸರಿನದೇ ಒಂದು ನಾಟಕಶಾಲೆ ಇದೆ. ಕ್ರೂಸಿಬಲ್ ಥಿಯೇಟರ್. ಕ್ರೂಸಿಬಲ್ ಎಂದರೆ ಮೂಸೆ. ವರ್ಷದ ಹೆಚ್ಚಿನ ದಿನ ಅಲ್ಲಿ ನಾಟಕ ನಡೆಯುತ್ತದೆ. ಏಪ್ರಿಲ್ ಅರ್ಧ ಕಳೆಯಿತೆಂದರೆ ನಟರು ಹೊರಗೆ, ಸ್ನೂಕರ್ ಮೇಜು ಒಳಗೆ. ಹದಿನೇಳು ದಿನ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್. 1977ರಿಂದ ಜಾಗ ಬದಲಾಗಿಲ್ಲ.

2019ರ ಏಪ್ರಿಲ್‌ನಲ್ಲಿ ನಾನೂ ನನ್ನವಳೂ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯ ಲಂಡನ್ನಿನ ಗಡಿಯಾರ, ಸೇತುವೆ, ಅರಮನೆ ಎಲ್ಲವನ್ನೂ ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. "ಅಪ್ಪ, ನಿಮಗೇನು ನೋಡಬೇಕು ಅಂತ ನೀವು ಹೇಳಲೇ ಇಲ್ಲ" ಎಂದಳು ಮಗಳು.

"ಶೆಫೀಲ್ಡಿಗೆ ಹೋಗಿ ಸ್ನೂಕರ್ ನೋಡಬೇಕು" ಎಂದೆ.

ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಸಂಜೆ ಸಹೋದ್ಯೋಗಿಗಳು ಕೇರಂ ಬೋರ್ಡಿನ ಸುತ್ತ ಕೂತರೆ ಕೊಡೆ ತೆಗೆದುಕೊಂಡು ಮನೆಗೆ ಹೊರಡುತ್ತಿದ್ದವನು. ನನ್ನವಳು ಮಾತ್ರ ಏನೂ ಕೇಳಲಿಲ್ಲ. ಅವಳಿಗೆ ಕಾರಣ ಗೊತ್ತಿತ್ತು. ಮಗಳಿಗೆ ನಾನು ಎಂದೂ ಸರಿಯಾಗಿ ಹೇಳಿರಲಿಲ್ಲ.

ಕಾರಣ ಇಷ್ಟೇ. ನನ್ನ ಅಪ್ಪ ಮಾರ್ಕರ್ ಆಗಿದ್ದರು. ಈಗಿನ ಮಕ್ಕಳಿಗೆ ಮಾರ್ಕರ್ ಎಂದರೆ ಬೋರ್ಡಿನ ಮೇಲೆ ಬರೆಯುವ ದಪ್ಪ ಪೆನ್ನು. ಆಗ ಮಾರ್ಕರ್ ಎಂದರೆ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯ ನೌಕರ. ಅಂಕ ಗುರುತು ಹಾಕುವವನು, ಚೆಂಡು ಎತ್ತಿಡುವವನು, ಮೇಜನ್ನು ನೋಡಿಕೊಳ್ಳುವವನು. ಮಲೆನಾಡಿನ ಕಾಫಿ ತೋಟಗಳ ನಡುವಿನ ಒಂದು ಊರು ಅದು. ಊರಿನ ಹೆಸರೂ ಬೇಡ, ಕ್ಲಬ್ಬಿನ ಹೆಸರೂ ಬೇಡ. ಬಿಳಿಯ ದೊರೆಗಳ ಕಾಲದಲ್ಲಿ ಕಟ್ಟಿದ್ದು. ಅವರಲ್ಲಿ ಕೆಲವರು 1960ರ ಸುಮಾರಿನಲ್ಲೂ ಅಲ್ಲೇ ಇದ್ದರು. ಉಳಿದವರು ನಮ್ಮವರೇ, ತೋಟದ ಸಾಹುಕಾರರು. ಅಪ್ಪ ಮೂವತ್ತು ವರ್ಷ ಆ ಕೋಣೆಯಲ್ಲಿ ಕೆಲಸ ಮಾಡಿದರು. ಆ ಮೂವತ್ತು ವರ್ಷದಲ್ಲಿ ಒಂದು ದಿನವೂ ಅಲ್ಲಿ ಕೂತಿರಲಿಲ್ಲ. ಕುರ್ಚಿಗಳು ಸದಸ್ಯರಿಗೆ.

ಮಧ್ಯಾಹ್ನದ ಬುತ್ತಿ ಕೊಡಲು ನಾನು ಹಿಂಬಾಗಿಲಿಗೆ ಹೋಗುತ್ತಿದ್ದೆ. ಕಿಟಕಿಯ ಸಂದಿಯಿಂದ ಕಾಣುತ್ತಿದ್ದದ್ದು ಕತ್ತಲ ಕೋಣೆಯ ನಡುವೆ ದೀಪದ ಕೆಳಗೆ ಹಸಿರಾಗಿ ಹೊಳೆಯುವ ಒಂದು ಗದ್ದೆ. ಹಾಗೇ ಅಂದುಕೊಂಡಿದ್ದೆ ನಾನು, ಮನೆಯೊಳಗೆ ಗದ್ದೆ ಇಟ್ಟುಕೊಂಡಿದ್ದಾರೆ ಎಂದು. ಅಪ್ಪ ಸಂಜೆ ಬರುವಾಗ ಜೇಬಿನಲ್ಲಿ ಸವೆದ ನೀಲಿ ಸೀಮೆಸುಣ್ಣದ ತುಂಡು ತರುತ್ತಿದ್ದರು, ಕೋಲಿನ ತುದಿಗೆ ತಿಕ್ಕುವಂಥದು. ನಮ್ಮ ಮನೆಯ ಹೊಸಿಲ ರಂಗೋಲಿಗೆ ಯಾವಾಗಲೂ ಒಂದು ನೀಲಿ ಗೆರೆ ಇರುತ್ತಿತ್ತು.

ಒಂದು ಸೋಮವಾರ ಕ್ಲಬ್ಬಿಗೆ ರಜೆ. ಅಪ್ಪ ನನ್ನನ್ನು ಒಳಗೆ ಕರೆದುಕೊಂಡು ಹೋದರು. ನನಗೆ ಹತ್ತು ವರ್ಷ. ಹೊರಗೆ ಜುಲೈ ತಿಂಗಳ ಮಳೆ. "ಮುಟ್ಟಬೇಡ, ನೋಡು ಅಷ್ಟೆ" ಎಂದರು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು. ಮರದ್ದು ಅಂದುಕೊಂಡಿದ್ದೆ. ಬಟ್ಟೆಯ ಕೆಳಗಿರುವುದು ಕಲ್ಲು, ಒಂದರ ಪಕ್ಕ ಒಂದು ಐದು ಸ್ಲೇಟು ಚಪ್ಪಡಿಗಳು, ನಾವು ಶಾಲೆಯಲ್ಲಿ ಬರೆಯುತ್ತಿದ್ದ ಸ್ಲೇಟಿನದೇ ಜಾತಿ. ಅದರ ಮೇಲೆ ಬಿಗಿದದ್ದು ಉಣ್ಣೆಯ ಬಟ್ಟೆ. ಉಣ್ಣೆಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕು ಇರುತ್ತದೆ. ಬ್ರಷ್ಷನ್ನು ಆ ದಿಕ್ಕಿಗೇ ಎಳೆಯಬೇಕು, ತಿರುಗಿಸಿ ಎಳೆಯಬಾರದು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಉಣ್ಣೆ ಬಿಡುತ್ತದೆಯೇ? ತೇವ ಹೀರಿ ಭಾರವಾಗುತ್ತದೆ. ಚೆಂಡು ಕೆಸರಿನಲ್ಲಿ ನಡೆದಂತೆ ನಡೆಯುತ್ತದೆ. ಅದಕ್ಕೇ ಅಪ್ಪ ದಿನವೂ ಬೆಳಿಗ್ಗೆ ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಇಡೀ ಮೇಜನ್ನು ಇಸ್ತ್ರಿ ಮಾಡುತ್ತಿದ್ದರು. ಬಿಸಿ ಹೆಚ್ಚಾದರೆ ಬಟ್ಟೆ ಸುಡುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಮೊದಲು ಒಂದು ಹಳೇ ಕಾಗದದ ಮೇಲೆ ಇಟ್ಟು ನೋಡುತ್ತಿದ್ದರು.

ಆಮೇಲೆ ಬಿಳಿ ಚೆಂಡನ್ನು ಒಂದು ತುದಿಯಿಂದ ಬಹಳ ಮೆಲ್ಲಗೆ ಉರುಳಿಬಿಟ್ಟರು. "ಕೊನೇ ಒಂದು ಅಡಿ ನೋಡು" ಎಂದರು. ಚೆಂಡು ನೆಟ್ಟಗೆ ಹೋಯಿತು, ಹೋಯಿತು, ನಿಲ್ಲುವ ಮೊದಲು ಒಂದು ಬೆರಳಿನಷ್ಟು ಎಡಕ್ಕೆ ಹೊರಳಿತು. "ಮಳೆಗೆ ನೆಲ ಕೂತಿದೆ" ಎಂದು ಮೇಜಿನ ಕಾಲಿನ ಹತ್ತಿರ ಬಗ್ಗಿದರು. ಜೋರಾಗಿ ಹೊಡೆದ ಚೆಂಡು ಮೇಜಿನ ತಪ್ಪನ್ನು ಹೇಳುವುದಿಲ್ಲವಂತೆ, ನಿಧಾನದ ಚೆಂಡೇ ಹೇಳಬೇಕಂತೆ.

ಕೊನೆಯಲ್ಲಿ ನನ್ನ ಕೈಯನ್ನು ಹಿಡಿದು ಮೇಜಿನ ಮೇಲೆ ಚಾಚಿಸಿ, "ನೆರಳು ಎಷ್ಟಿದೆ ಎಣಿಸು" ಎಂದರು. ಮೂರು ಇತ್ತು. "ಒಂದೂ ಇರಬಾರದು. ದೀಪದ ಜಾಗ ಸರಿಯಿಲ್ಲ ಅಂತ ನಾನು ಹೇಳಿ ಹೇಳಿ ಸಾಕಾಯ್ತು" ಎಂದರು. ಮಾರ್ಕರ್ ಮಾತನ್ನು ಯಾರು ಕೇಳುತ್ತಾರೆ?

ಸಾಹೇಬರು ಕೊಟ್ಟ ಇನಾಮಿನ ದುಡ್ಡು ಕೂಡಿಟ್ಟು ಅಪ್ಪ ನನ್ನನ್ನು ಬಿ.ಕಾಂ. ಓದಿಸಿದರು. ಬ್ಯಾಂಕಿನ ಕೆಲಸದ ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂಬ ಕಾಲಂ ಇತ್ತು. ನಾನು "ಖಾಸಗಿ ಸಂಸ್ಥೆಯಲ್ಲಿ ನೌಕರಿ" ಎಂದು ತುಂಬಿದೆ. ಸುಳ್ಳೇನಲ್ಲ. ಆದರೆ ಅದನ್ನು ಬರೆಯುವ ಮೊದಲು ಐದು ನಿಮಿಷ ಪೆನ್ನು ಹಿಡಿದು ಕೂತಿದ್ದೆ ಎಂಬುದು ನನಗೆ ಗೊತ್ತು.

ಶೆಫೀಲ್ಡಿಗೆ ಲೀಡ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಮಗಳು ಅಂತರ್ಜಾಲದಲ್ಲಿ ಹುಡುಕಿ ಮೊದಲ ಸುತ್ತಿನ ಬೆಳಗಿನ ಆಟಕ್ಕೆ ಎರಡು ಟಿಕೆಟ್ ತೆಗೆದಳು. ದೊಡ್ಡ ಹೆಸರಿನವರ ಆಟದ ಟಿಕೆಟ್ ಎಂದೋ ಖಾಲಿಯಾಗಿತ್ತು. ಜೊತೆಗೆ ಬಂದವನು ಹನ್ನೊಂದು ವರ್ಷದ ಮೊಮ್ಮಗ. ಅವನಿಗೆ ಶಾಲೆಗೆ ಈಸ್ಟರ್ ರಜೆ, ನನಗೆ ಭಾಷೆಯ ಭಯ. ಹಾಗಾಗಿ ಇಬ್ಬರಿಗೂ ಒಳ್ಳೆಯದೇ ಆಯಿತು.

ನನ್ನ ನಿಜವಾದ ಭಯ ಬೇರೆ ಇತ್ತು. ಕೆಮ್ಮು. ಆ ದೇಶದ ಚಳಿಗೆ ಹೋದ ದಿನದಿಂದಲೇ ಒಣ ಕೆಮ್ಮು ಹತ್ತಿಕೊಂಡಿತ್ತು. ಸ್ನೂಕರ್ ನೋಡುವವರು ಕೆಮ್ಮಬಾರದು. ಕ್ರಿಕೆಟ್ಟಿನಲ್ಲಿ ಡೋಲು ಬಾರಿಸಬಹುದು, ಕಬಡ್ಡಿಯಲ್ಲಿ ಕೂಗಬಹುದು. ಇಲ್ಲಿ ಆಟಗಾರ ಬಗ್ಗಿದನೆಂದರೆ ಸಾವಿರ ಜನ ಉಸಿರು ಹಿಡಿಯಬೇಕು. ನನ್ನವಳು ಚೀಲಕ್ಕೆ ಜೀರಿಗೆ ಪೆಪ್ಪರ್‌ಮೆಂಟು ಹಾಕಿ ಕಳಿಸಿದ್ದಳು. ರೈಲಿನಲ್ಲಿ ಒಂದನ್ನು ಬಿಚ್ಚಿದೆ. ಆ ಕಾಗದದ ಚರಪರ ಸದ್ದು ಕೇಳಿ ಮೊಮ್ಮಗ ನನ್ನನ್ನೇ ನೋಡಿದ. ಆಮೇಲೆ ಶೆಫೀಲ್ಡ್ ಬರುವವರೆಗೆ ಇಬ್ಬರೂ ಕೂತು ಅಷ್ಟೂ ಪೆಪ್ಪರ್‌ಮೆಂಟಿನ ಕಾಗದ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡೆವು.

ಶೆಫೀಲ್ಡ್ ಉಕ್ಕಿನ ಊರು. ನಮ್ಮ ಅಜ್ಜಿಯರ ಕಾಲದ ಒಳ್ಳೆಯ ಚಾಕು, ಕತ್ತರಿಗಳ ಮೇಲೆ ಆ ಊರಿನ ಹೆಸರು ಕೆತ್ತಿರುತ್ತಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ತನ್ನ ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗಲಿಲ್ಲವೆಂದು ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಅಲ್ಲಿ ಕಂಡುಕೊಂಡ. ನಾಟಕಶಾಲೆಯ ಹೆಸರು ಆ ಮೂಸೆಯದು. ನಮ್ಮ ದಕ್ಷಿಣದ ಕುಲುಮೆಗಳಲ್ಲಿ ಅದಕ್ಕಿಂತ ಬಹಳ ಬಹಳ ಹಿಂದೆಯೇ ಮೂಸೆಯ ಉಕ್ಕು ಮಾಡುತ್ತಿದ್ದರು. ಇಂಗ್ಲಿಷರು ಅದನ್ನು "ವೂಟ್ಜ್" ಎಂದು ಕರೆದರು. ಆ ಪದ ಹುಟ್ಟಿದ್ದು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಎನ್ನುತ್ತಾರೆ ಪಂಡಿತರು. ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು "ಹಾಗಾದ್ರೆ ಸ್ಟೇಡಿಯಂ ಕೂಡ ನಮ್ದೇನಾ ತಾತ?" ಎಂದ.

ಸ್ಟೇಡಿಯಂ ಅಲ್ಲ, ಅದೇ ವಿಷಯ. ಟ್ಯೂಡರ್ ಸ್ಕ್ವೇರ್ ಎಂಬ ಚೌಕದಲ್ಲಿ ನಿಂತು ನೋಡಿದರೆ ಕ್ರೂಸಿಬಲ್ ಒಂದು ದೊಡ್ಡ ಸಹಕಾರ ಸಂಘದ ಗೋದಾಮಿನ ಹಾಗಿದೆ. ಪಕ್ಕದ ಲೈಸಿಯಂ ಎಂಬ ಹಳೆಯ ನಾಟಕಶಾಲೆ ಇದಕ್ಕಿಂತ ಎಷ್ಟೋ ಚೆಂದ. ಇಷ್ಟು ದೂರ ಬಂದದ್ದು ಇದಕ್ಕೋ ಎನಿಸಿತು. ಒಳಗೆ ಹೋದ ಮೇಲೆ ಮಾತು ಬದಲಾಯಿತು. ನಮ್ಮ ಬಯಲಾಟದ ರಂಗಸ್ಥಳ ನೆನಪಿಸಿಕೊಳ್ಳಿ. ನಡುವೆ ರಂಗ, ಮೂರು ಕಡೆ ಜನ. ಇಲ್ಲಿಯೂ ಹಾಗೆಯೇ. ರಂಗ ಜನರ ನಡುವಿಗೆ ಚಾಚಿಕೊಂಡು ಬಂದಿದೆ, ಮೂರು ಕಡೆ ಆಸನಗಳು ಕಡಿದಾಗಿ ಮೇಲೇರುತ್ತವೆ, ಬಾವಿಯೊಳಗೆ ಬಗ್ಗಿ ನೋಡುವ ಹಾಗೆ. ಒಟ್ಟು ಆಸನ 980ರ ಆಸುಪಾಸು. ಅಷ್ಟೆ! ನಮ್ಮ ಊರಿನ ಹಳೇ ಟೂರಿಂಗ್ ಟಾಕೀಸಿನಲ್ಲೂ ಅಷ್ಟು ಜನ ಹಿಡಿಯುತ್ತಿದ್ದರೇನೋ.

ಈ ನಾಟಕಶಾಲೆ ಬಾಗಿಲು ತೆರೆದದ್ದು 1971ರಲ್ಲಿ. ಸ್ನೂಕರ್ ಬಂದದ್ದು ಒಬ್ಬ ಹೆಂಗಸಿನ ಕಣ್ಣಿನಿಂದ. ಮೈಕ್ ವಾಟರ್ಸನ್ ಎಂಬುವರು ಪಂದ್ಯಾವಳಿ ನಡೆಸಲು ಜಾಗ ಹುಡುಕುತ್ತಿದ್ದರು. ಅವರ ಹೆಂಡತಿ ಕ್ಯಾರೋಲ್ ಇಲ್ಲಿ ನಾಟಕ ನೋಡಿಕೊಂಡು ಹೋಗಿ, ಅದೇ ಸರಿಯಾದ ಜಾಗ ಎಂದರು. ಗಂಡ ಮೊದಲು ವಿಚಾರಿಸಿದ್ದು ರಂಗದ ಅಗಲ ಎಷ್ಟು ಎಂದು. ಎರಡು ಮೇಜು, ಸುತ್ತ ಆಟಗಾರ ಬಗ್ಗಿ ಕೋಲು ಹಿಂದೆ ಎಳೆಯಲು ಜಾಗ, ನಡುವೆ ಒಂದು ತಡಿಕೆ. ಅಷ್ಟಕ್ಕೆ ಸರಿಯಾಗಿ ಹಿಡಿಯಿತು.

ಅದಕ್ಕೆ ಮುಂಚೆ ವಿಶ್ವ ಚಾಂಪಿಯನ್‌ಶಿಪ್ಪಿಗೆ ಮನೆ ಇರಲಿಲ್ಲ. 1927ರಲ್ಲಿ ಜೋ ಡೇವಿಸ್ ಮೊದಲ ಚಾಂಪಿಯನ್ ಆದದ್ದು ಬರ್ಮಿಂಗ್‌ಹ್ಯಾಮಿನ ಒಂದು ಬಿಲಿಯರ್ಡ್ಸ್ ಹಾಲಿನಲ್ಲಿ. 1972ರ ಫೈನಲ್ ನಡೆದದ್ದು ಅದೇ ಊರಿನ ಮಾಜಿ ಸೈನಿಕರ ಕ್ಲಬ್ಬೊಂದರಲ್ಲಿ. ಬಾಟಲಿ ತುಂಬುವ ಕ್ರೇಟುಗಳ ಮೇಲೆ ಹಲಗೆ ಹಾಕಿ ಜನ ಕೂತಿದ್ದರು; ಗಣಿ ಕಾರ್ಮಿಕರ ಮುಷ್ಕರದಿಂದ ಕರೆಂಟಿಗೂ ಕಷ್ಟ. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಒಂದು ವಸ್ತುಪ್ರದರ್ಶನದ ಹಾಲು. ಆಟ ನಡೆಯುತ್ತಿರುವಾಗ ಛಾವಣಿ ಸೋರಿ ಮಳೆಯಿಂದ ಆಟ ನಿಂತಿತು! ಕ್ರಿಕೆಟ್ಟಿಗೆ ಮಳೆ ಅಡ್ಡ ಬರುವುದು ಗೊತ್ತು, ಸ್ನೂಕರಿಗೂ ಬಂದಿದೆ. ಅಪ್ಪನಿಗೆ ಈ ಸುದ್ದಿ ಗೊತ್ತಾಗಿದ್ದರೆ ಇಸ್ತ್ರಿಪೆಟ್ಟಿಗೆ ಹಿಡಿದು ಹಡಗು ಹತ್ತುತ್ತಿದ್ದರು.

ನಮ್ಮ ಆಸನ ಐದನೆಯ ಸಾಲಿನಲ್ಲಿ. ಕುರ್ಚಿ ಇಕ್ಕಟ್ಟು, ಮುಂದಿನವರ ಬೆನ್ನಿಗೆ ಮೊಣಕಾಲು ತಾಗುತ್ತದೆ. ಹೊರಗೆ ಬಾಡಿಗೆಗೆ ಸಿಗುವ ಕಿವಿಯ ಯಂತ್ರ ಹಾಕಿಕೊಂಡರೆ ವೀಕ್ಷಕ ವಿವರಣೆ ಕೇಳುತ್ತದೆ. ಮೊಮ್ಮಗ ಒಂದು ಹಾಕಿಕೊಂಡ. ನನಗೆ ಬೇಡವೆಂದೆ. ನಾನು ಮೇಜನ್ನು ನೋಡುತ್ತಿದ್ದೆ.

ಬಿಡಿಸಿ ಹೇಳುತ್ತೇನೆ. ಮೇಜಿನ ಮೇಲೆ ಅಷ್ಟಗಲಕ್ಕೂ ಹರಡಿಕೊಂಡ ಒಂದು ದೀಪದ ಚಪ್ಪರ. ಆಟಗಾರ ಕೈ ಊರಿದಾಗ ಅವನ ಬೆರಳಿನ ಕೆಳಗೆ ಹುಡುಕಿದೆ. ಎಣಿಸುವಂಥ ನೆರಳೇ ಇರಲಿಲ್ಲ. ಜನರ ಮುಖ ಕತ್ತಲಲ್ಲಿ, ಮೇಜು ಬೆಳಕಲ್ಲಿ, ಆದರೆ ಆಟಗಾರನ ಕಣ್ಣಿಗೆ ದೀಪ ಕುಕ್ಕುವುದಿಲ್ಲ. ಟಿ.ವಿ. ಕ್ಯಾಮೆರಾಕ್ಕೂ ಬೆಳಕು ಬೇಕು, ಆಟಗಾರನಿಗೂ ಬೇಕು. ಇಬ್ಬರಿಗೂ ಒಪ್ಪುವ ದೀಪ ಕಂಡುಕೊಳ್ಳಲು ಇಂಗ್ಲೆಂಡಿನವರೂ ಕೆಲವು ವರ್ಷ ಒದ್ದಾಡಿದ್ದಾರೆ. ಇನ್ನು ತೇವದ ವಿಷಯ. ದೊಡ್ಡ ಪಂದ್ಯಗಳ ಮೇಜಿನಲ್ಲಿ ಸ್ಲೇಟು ಕಲ್ಲಿನ ಕೆಳಗೇ ವಿದ್ಯುತ್ ಹೀಟರ್ ಇರುತ್ತದೆ. ಕಲ್ಲು ಹಗಲೂ ರಾತ್ರಿ ಬೆಚ್ಚಗಿರುತ್ತದೆ, ಬಟ್ಟೆ ಒಣಗಿರುತ್ತದೆ. ಸಾವಿರ ಜನ ಒದ್ದೆ ಕೋಟು ಹಾಕಿಕೊಂಡು ಬಂದು ಕೂತು ಉಸಿರು ಬಿಟ್ಟರೂ ಚೆಂಡಿಗೆ ಅಷ್ಟು ತಿಳಿಯಬಾರದು. ಪ್ರತಿ ಪಂದ್ಯಾವಳಿಗೆ ಹೊಸ ಬಟ್ಟೆ ಬಿಗಿಯುವುದು, ಮಟ್ಟ ನೋಡುವುದು, ಬ್ರಷ್ ಎಳೆದು ಇಸ್ತ್ರಿ ಮಾಡುವುದಕ್ಕೆ ಬೇರೆಯೇ ಕುಶಲಕರ್ಮಿಗಳು ಇರುತ್ತಾರೆ.

ಹತ್ತು ಗಂಟೆಗೆ ದೀಪ ಮಂಕಾಯಿತು. ನಿರೂಪಕ ಬಂದು ಒಂದಿಷ್ಟು ತಮಾಷೆ ಮಾಡಿದ. ಆಟಗಾರರನ್ನು ಕರೆಯುವ ಮೊದಲು ರೆಫ್ರಿಯನ್ನು ಕರೆದ. ಹೆಸರು ಹಿಡಿದು ಕರೆದ. ಕಪ್ಪು ಕೋಟು, ಬಿಳಿ ಕೈಚೀಲ ಹಾಕಿದ ಒಬ್ಬರು ಪರದೆಯಿಂದ ಹೊರಬಂದು ತಲೆ ಬಾಗಿಸಿದರು. ಇಡೀ ಸಭೆ ಚಪ್ಪಾಳೆ ತಟ್ಟಿತು.

ನಾನೂ ತಟ್ಟಿದೆ. ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಿದ್ದೆನಂತೆ. ಮೊಮ್ಮಗ ತೋಳು ಎಳೆದ. "ತಾತ, ಅವರು ಪ್ಲೇಯರ್ ಅಲ್ಲ, ರೆಫ್ರಿ."

"ಗೊತ್ತು ಕಣೋ" ಎಂದೆ. ಅಪ್ಪನ ಕೋಣೆಯಲ್ಲಿ ಮೂವತ್ತು ವರ್ಷ ಕೇಳಿಸಿದ್ದು "ಮಾರ್ಕರ್!" ಎಂಬ ಒಂದೇ ಕೂಗು. ಅವರಿಗೆ ಒಂದು ಹೆಸರಿದೆ ಎಂಬುದು ಅಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಆಟ ಶುರುವಾಯಿತು. ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು: ಹದಿನೈದು ಕೆಂಪು ಚೆಂಡು, ಒಂದೊಂದಕ್ಕೆ ಒಂದು ಅಂಕ. ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕಪ್ಪು 7. ಬಿಳಿ ಚೆಂಡಿನಿಂದ ಹೊಡೆದು ಒಂದು ಕೆಂಪು, ಒಂದು ಬಣ್ಣ, ಮತ್ತೆ ಒಂದು ಕೆಂಪು, ಒಂದು ಬಣ್ಣ ಎಂದು ಜೇಬಿಗೆ ಹಾಕುತ್ತಾ ಹೋಗಬೇಕು. ಕೆಂಪು ಮುಗಿಯುವವರೆಗೆ ಬಣ್ಣದ ಚೆಂಡನ್ನು ಪ್ರತಿ ಸಲ ಎತ್ತಿ ಅದರ ಚುಕ್ಕಿಯ ಮೇಲೆ ಇಡಬೇಕು. ಪ್ರತಿ ಕೆಂಪಿನ ಜೊತೆ ಕಪ್ಪನ್ನೇ ಹಾಕಿ, ಕೊನೆಗೆ ಆರು ಬಣ್ಣವನ್ನೂ ಹಾಕಿದರೆ ಎಷ್ಟಾಗುತ್ತದೆ? ಕಾಗದ ತೆಗೆದುಕೊಳ್ಳಿ. ಹದಿನೈದು ಕೆಂಪಿಗೆ 15, ಹದಿನೈದು ಕಪ್ಪಿಗೆ 105, ಕೊನೆಯ ಆರಕ್ಕೆ 27. ಒಟ್ಟು 147. ಬಿ.ಕಾಂ. ಓದಿದವನ ಲೆಕ್ಕ, ತಪ್ಪಿಲ್ಲ. ಕ್ರೂಸಿಬಲ್‌ನಲ್ಲಿ ಇದನ್ನು ಮೊದಲು ಸಾಧಿಸಿದವರು ಕೆನಡಾದ ಕ್ಲಿಫ್ ಥಾರ್ಬರ್ನ್, 1983ರಲ್ಲಿ. 1997ರಲ್ಲಿ ರಾನಿ ಓಸಲಿವನ್ ಅದನ್ನೇ ಐದೂವರೆ ನಿಮಿಷದೊಳಗೆ ಮುಗಿಸಿಬಿಟ್ಟರು.

ಎಲ್ಲರೂ ಆಟಗಾರರನ್ನು ನೋಡುತ್ತಿದ್ದರೆ ನಾನು ರೆಫ್ರಿಯನ್ನು ನೋಡುತ್ತಿದ್ದೆ. ಜೇಬಿನಿಂದ ಚೆಂಡು ಎತ್ತುವುದು, ಚುಕ್ಕಿಯ ಮೇಲೆ ಇಟ್ಟು ಕೈ ಬಿಡುವಾಗ ಬೆರಳು ಅಲುಗದಿರುವುದು, ಆಟಗಾರ ಕೇಳಿದರೆ ಬಿಳಿ ಚೆಂಡನ್ನು ಒರೆಸುವುದು, ಹೊಡೆಯುವವನ ಕಣ್ಣಿನ ದಾರಿಯಲ್ಲಿ ನಿಲ್ಲದಿರುವುದು. ಇವೆಲ್ಲ ನಾನು ಕಿಟಕಿಯ ಸಂದಿಯಿಂದ ನೋಡಿದ್ದೇ. ಅಪ್ಪನೂ ಹೀಗೇ ಮೇಜಿನ ಸುತ್ತ ಬೆಕ್ಕಿನ ಹೆಜ್ಜೆಯಲ್ಲಿ ಸರಿಯುತ್ತಿದ್ದರು.

ಮೂರನೆಯ ಫ್ರೇಮಿನಲ್ಲಿ ಎಂದು ನೆನಪು. ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೊಂದು ವರ್ಷದವನು, ಒಂದು ಸುಲಭದ ಕೆಂಪು ಚೆಂಡು ತಪ್ಪಿಸಿದ. ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಎದುರಾಳಿ ಹೊಡೆಯುತ್ತಲೇ ಹೋದ. ಈ ಆಟದಲ್ಲಿ ಎದುರಾಳಿ ಹೊಡೆಯುತ್ತಿರುವಾಗ ನೀವು ಏನೂ ಮಾಡುವಂತಿಲ್ಲ. ಓಡುವಂತಿಲ್ಲ, ತಡೆಯುವಂತಿಲ್ಲ. ಕೂತು ನೋಡಬೇಕು. ಆ ಹುಡುಗ ಕೂತ ಕುರ್ಚಿಗೂ ಮೊದಲ ಸಾಲಿನ ಅಜ್ಜಿಯೊಬ್ಬರಿಗೂ ನಡುವೆ ಒಂದು ಮಾರು ಇತ್ತೋ ಇಲ್ಲವೋ. ಅವನ ಕಿವಿ ಕೆಂಪಾದದ್ದು ನನಗೆ ಐದನೆಯ ಸಾಲಿನಿಂದ ಕಾಣುತ್ತಿತ್ತು. ಅವನು ನೀರಿನ ಲೋಟ ಎತ್ತಿ, ಕುಡಿಯದೆ, ಹಾಗೆಯೇ ಕೆಳಗಿಟ್ಟ. ಒಬ್ಬರೂ ಸದ್ದು ಮಾಡಲಿಲ್ಲ. ತಡಿಕೆಯ ಆಚೆ ಇನ್ನೊಂದು ಮೇಜಿನ ಜನ ಏನಕ್ಕೋ ಚಪ್ಪಾಳೆ ತಟ್ಟಿದರು, ಅದು ಈ ಕಡೆ ಇನ್ನಷ್ಟು ಮೌನ ಮಾಡಿತು.

ದೊಡ್ಡ ಕ್ರೀಡಾಂಗಣದಲ್ಲಿ ಇದು ಕಾಣುವುದಿಲ್ಲ. ಟಿ.ವಿ.ಯಲ್ಲಿ ಚೆಂಡು ಕಾಣುತ್ತದೆ, ಆ ಲೋಟ ಕಾಣುವುದು ಅಪರೂಪ. ಸ್ನೂಕರ್ ಪಂದ್ಯಕ್ಕೆ ಒಳ್ಳೆಯ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆಸನ ಎಷ್ಟು ಎಂದು ಕೇಳುವುದಿಲ್ಲ, ಕೊನೆಯ ಸಾಲಿನವನಿಗೆ ಕುರ್ಚಿಯಲ್ಲಿ ಕೂತವನ ಮುಖ ಕಾಣುತ್ತದೆಯೇ ಎಂದು ಕೇಳುತ್ತೇನೆ.

ಆಗಲೇ ಕೆಮ್ಮು ಬಂತು. ಆ ಮೌನದ ಮಧ್ಯದಲ್ಲಿ, ಗಂಟಲಿನಲ್ಲಿ ಇರುವೆ ಹರಿದಂತೆ. ಮೊಮ್ಮಗ ಕರವಸ್ತ್ರದ ಗಂಟು ಬಿಚ್ಚಿ ಎರಡು ಪೆಪ್ಪರ್‌ಮೆಂಟು ನನ್ನ ಬಾಯಿಗೆ ಹಾಕಿದ. ಕಣ್ಣಲ್ಲಿ ನೀರು ಬಂತು. ಕಪ್ಪು ಚೆಂಡು ಜೇಬಿಗೆ ಬಿದ್ದು ಚಪ್ಪಾಳೆ ಎದ್ದಾಗ ಅದರ ಮರೆಯಲ್ಲಿ ಹೊಟ್ಟೆತುಂಬ ಕೆಮ್ಮಿದೆ. ಸುತ್ತ ನೋಡಿದರೆ ನಾಲ್ಕಾರು ಮುದುಕರು ಅದನ್ನೇ ಮಾಡುತ್ತಿದ್ದರು.

ವಿರಾಮದಲ್ಲಿ ಪಕ್ಕದ ವಿಂಟರ್ ಗಾರ್ಡನ್ ಎಂಬ ಗಾಜಿನ ತೋಟದಲ್ಲಿ ಕಾಲು ಚಾಚಿ ಕೂತೆವು. ಹೊರಗೆ ಚಳಿ, ಒಳಗೆ ತಾಳೆಯ ಜಾತಿಯ ಗಿಡಗಳು. ಆಟಗಾರರು, ಪ್ರೇಕ್ಷಕರು, ಟಿ.ವಿ.ಯವರು ಎಲ್ಲರೂ ಆ ಒಂದು ಚೌಕದ ಸುತ್ತಲೇ ಓಡಾಡುತ್ತಾರೆ. ನಮ್ಮ ಜಾತ್ರೆಯಲ್ಲಿ ದೇವಸ್ಥಾನದ ಬೀದಿ ಇದ್ದ ಹಾಗೆ. ಮೊಮ್ಮಗ ಫೋನಿನಲ್ಲಿ 1985ರ ಫೈನಲ್ ಹುಡುಕಿ ತೋರಿಸಿದ. ಸ್ಟೀವ್ ಡೇವಿಸ್ ಮೊದಲ ಎಂಟು ಫ್ರೇಮ್ ಗೆದ್ದಿದ್ದಾರೆ. ದೊಡ್ಡ ಕನ್ನಡಕದ ಡೆನಿಸ್ ಟೇಲರ್ ಒಂದೊಂದಾಗಿ ಹಿಂದಿರುಗಿ ಬಂದು 17-17. ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡು. ನಡುರಾತ್ರಿ ಕಳೆದಿದೆ. ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ಎಚ್ಚರವಿದ್ದು ಟಿ.ವಿ. ನೋಡುತ್ತಿದ್ದಾರೆ. ಟೇಲರ್ ಆ ಪಂದ್ಯದಲ್ಲಿ ಮುಂದಿದ್ದದ್ದು ಒಂದೇ ಒಂದು ಸಲ, ಆ ಚೆಂಡು ಬಿದ್ದ ಮೇಲೆ. ಕೋಟಿಗಟ್ಟಲೆ ಜನ ನೋಡಿದ ಆ ಆಟ ನಡೆದದ್ದು ಸಾವಿರ ಆಸನವೂ ಇಲ್ಲದ ಈ ಬಾವಿಯಲ್ಲಿ.

ಬೇರೆ ಒಳ್ಳೆಯ ಜಾಗಗಳೂ ಇವೆ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ಮಾಸ್ಟರ್ಸ್ ಪಂದ್ಯಾವಳಿ ನಡೆಯುತ್ತದೆ. 1873ರಲ್ಲಿ ತೆರೆದ ಹದಿನಾರೇ ದಿನಕ್ಕೆ ಸುಟ್ಟುಹೋಗಿ 1875ರಲ್ಲಿ ಮತ್ತೆ ಎದ್ದ ಕಟ್ಟಡ ಅದು. ಬರ್ಲಿನ್ನಿನ ಟೆಂಪೋಡ್ರೋಮ್ ಡೇರೆಯ ಆಕಾರದ್ದು, ಕ್ರೂಸಿಬಲ್‌ಗಿಂತ ಬಹಳ ದೊಡ್ಡದು. ನನಗೆ ಓದಿ ಇಷ್ಟವಾದದ್ದು ಐರ್ಲೆಂಡಿನ ಗಾಫ್ಸ್. ಅದು ಕುದುರೆಗಳನ್ನು ಹರಾಜು ಹಾಕುವ ದುಂಡು ಕಣ. ಕುದುರೆ ಕೊಳ್ಳುವವರಿಗೆ ಅದರ ಕಾಲು, ಕಣ್ಣು, ನಡಿಗೆ ಎಲ್ಲ ಕಡೆಯಿಂದ ಕಾಣಬೇಕೆಂದು ಕಟ್ಟಿದ್ದು. ಅಲ್ಲಿ ವರ್ಷಗಟ್ಟಲೆ ಐರಿಷ್ ಮಾಸ್ಟರ್ಸ್ ಸ್ನೂಕರ್ ನಡೆಯಿತು. ಕುದುರೆಗೆ ಒಪ್ಪಿದ ಜಾಗ ಸ್ನೂಕರಿಗೂ ಒಪ್ಪಿತು.

ನಮ್ಮ ದೇಶಕ್ಕೂ ವೃತ್ತಿಪರರ ಪಂದ್ಯಾವಳಿ ಬಂದಿತ್ತು. ಇಂಡಿಯನ್ ಓಪನ್. 2013ರಲ್ಲಿ ದಿಲ್ಲಿ, ನಮ್ಮ ಆದಿತ್ಯ ಮೆಹ್ತಾ ಫೈನಲ್‌ವರೆಗೆ ಹೋಗಿ ಚೀನಾದ ಡಿಂಗ್ ಜುನ್‌ಹುಯಿಗೆ ಸೋತರು. ಆಮೇಲೆ ಮುಂಬೈ, ಹೈದರಾಬಾದ್, ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ. ಐದು ಸಲ, ಐದು ಊರು. ಒಂದೇ ಊರಲ್ಲಿ ಐದು ಸಲ ಮಾಡಿದ್ದರೆ ಅಲ್ಲೊಂದು ನೆನಪು ಕೂತಿರುತ್ತಿತ್ತು ಎಂದು ನನಗೆ ಅನಿಸುತ್ತದೆ. ಜಾತ್ರೆ ಊರು ಬದಲಿಸಿದರೆ ತೇರು ಎಳೆಯುವವರಿಗೆ ದಾರಿ ಅಭ್ಯಾಸವಾಗುವುದಿಲ್ಲ. ಬೆಂಗಳೂರಿನಲ್ಲಿ ಪಂಕಜ್ ಅಡ್ವಾಣಿಯಂಥ ಆಟಗಾರ ಬೆಳೆದಿದ್ದಾರೆ. ಹವ್ಯಾಸಿಗಳ ವಿಶ್ವ ಚಾಂಪಿಯನ್‌ಶಿಪ್ 2014ರಲ್ಲಿ ಅಲ್ಲೇ ನಡೆದು, ಚೀನಾದ ಹದಿನಾಲ್ಕು ವರ್ಷದ ಯಾನ್ ಬಿಂಗ್‌ಟಾವೊ ಗೆದ್ದ. ಹದಿನಾಲ್ಕು ವರ್ಷ! ಈ ಆಟ ಹುಟ್ಟಿದ್ದೇ ನಮ್ಮಲ್ಲಿ, 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ. ನಿಯಮಗಳು ರೂಪುಗೊಂಡದ್ದು ಊಟಿಯ ಕ್ಲಬ್ಬಿನಲ್ಲಿ. "ನಮ್ಮೂರಿಂದ ಬಸ್ಸಲ್ಲಿ ಹೋದ್ರೆ ಒಂದು ದಿನದ ದಾರಿ" ಎಂದು ಅಪ್ಪ ಹೇಳುತ್ತಿದ್ದರು, ತಮ್ಮ ನೆಂಟರ ಮನೆಯ ಸುದ್ದಿ ಹೇಳುವ ಹಾಗೆ.

ಕ್ರೂಸಿಬಲ್ ಚಿಕ್ಕದಾಯಿತು, ಇನ್ನೂ ದೊಡ್ಡ ಜಾಗ ಬೇಕು, ಹಣ ಕೊಡುವ ಬೇರೆ ದೇಶಗಳಿವೆ ಎಂಬ ಮಾತು ಬಹಳ ವರ್ಷದಿಂದ ಇದೆ. ಬ್ಯಾಂಕಿನವನಾಗಿ ಲೆಕ್ಕ ನನಗೂ ಅರ್ಥವಾಗುತ್ತದೆ. ಎರಡು ಪಟ್ಟು ಆಸನ ಎಂದರೆ ಎರಡು ಪಟ್ಟು ಟಿಕೆಟ್ಟು. ನನ್ನ ಮೊಣಕಾಲು ಕೂಡ ದೊಡ್ಡ ಜಾಗದ ಪರವಾಗಿಯೇ ಓಟು ಹಾಕುತ್ತದೆ. ಆದರೂ ನನ್ನನ್ನು ಕೇಳಿದರೆ ಕಲ್ಲಿನ ಕೆಳಗಿನ ಹೀಟರನ್ನೂ ದೀಪದ ಚಪ್ಪರವನ್ನೂ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಆ ಒಂದು ಮಾರಿನ ಅಂತರವನ್ನು ಲಾರಿಗೆ ಹೇರಲಾಗುವುದಿಲ್ಲ.

ವಾಪಸು ರೈಲಿನಲ್ಲಿ ಮೊಮ್ಮಗ ಕೇಳಿದ: "ತಾತ, ನೀವು ಯಾಕೆ ರೆಫ್ರಿನೇ ನೋಡ್ತಿದ್ರಿ?"

ಹೇಳಿದೆ. ಮಾರ್ಕರ್ ಎಂದರೇನು, ಇಸ್ತ್ರಿಪೆಟ್ಟಿಗೆ, ಮೂರು ನೆರಳು, ನೀಲಿ ರಂಗೋಲಿ. ಅರ್ಜಿಯ ಕಾಲಮಿನ ವಿಷಯವನ್ನೂ ಹೇಳಿದೆ. ಅದನ್ನು ನಾನು ಅವನ ತಾಯಿಗೂ ಹೇಳಿರಲಿಲ್ಲ. ಅವನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ. "ಮುತ್ತಾತ ಚೆನ್ನಾಗಿ ಆಡ್ತಿದ್ರಾ?" ಎಂದು ಕೇಳಿದ.

ಆಡುತ್ತಿದ್ದರು. ಜೊತೆಗಾರ ಸಿಗದ ಸಾಹೇಬರು ಕೆಲವೊಮ್ಮೆ ಅಪ್ಪನ ಕೈಗೆ ಕೋಲು ಕೊಡುತ್ತಿದ್ದರು. ಗೆಲ್ಲುವುದು ಕಷ್ಟವಲ್ಲ, ಎಷ್ಟು ಅಂಕದಿಂದ ಸೋತರೆ ಸಾಹೇಬರಿಗೆ ಬೇಸರವಾಗುವುದಿಲ್ಲ ಎಂದು ಲೆಕ್ಕ ಹಾಕುವುದು ಕಷ್ಟ ಎಂದು ಒಮ್ಮೆ ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ಇದನ್ನೂ ಹೇಳಿದೆ. ಅವನಿಗೆ ನಗು ಬರಲಿಲ್ಲ.

ಮನೆಗೆ ಬಂದಾಗ ಮಗಳು ಚಪಾತಿ ಮಾಡುತ್ತಿದ್ದಳು. ಮೊಮ್ಮಗ ಕೋಟು ಬಿಚ್ಚದೆ ನೇರ ತನ್ನ ಕೋಣೆಗೆ ಹೋಗಿ ಒಂದು ಗೋಲಿ ತಂದ. ಊಟದ ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಒಂದು ಕಡೆ ಸರಿಸಿ, ಗಲ್ಲವನ್ನು ಮೇಜಿಗೆ ಊರಿ, ಗೋಲಿಯನ್ನು ಬಹಳ ಮೆಲ್ಲಗೆ ಉರುಳಿಬಿಟ್ಟ. ಗೋಲಿ ನೆಟ್ಟಗೆ ಹೋಗಿ ಕೊನೆಯಲ್ಲಿ ಕಿಟಕಿಯ ಕಡೆಗೆ ಹೊರಳಿತು.

"ಅಮ್ಮಾ, ಈ ಟೇಬಲ್ ಸರಿಯಿಲ್ಲ" ಎಂದ.

ನಾನು ಹಳೇ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೆ ಕೊಟ್ಟೆ. ಅವನು ಮೇಜಿನ ಕೆಳಗೆ ನುಸುಳಿದ.